ಈಶನ ಹೆಸರಿನ ಕಲ್ಲು

ಕೂಡ್ಲಿಗಿ
೧೪ ಜುಲೈ ೨೦೨೪

ಚಿರಂಜೀವಿ ಚಂದ್ರನಿಗೆ, ಅಲ್ಲಲ್ಲ, ಪೂಜ್ಯ ಚಂದ್ರಮೌಳೇಶ್ವರ ದೇವರಿಗೆ,

ನೋಡು, ಮೊದಲ ಸಾಲಿನಲ್ಲೇ ಎಡವಿದೆ. ಹೆತ್ತವಳಾದರೂ ಮಗನಿಗೆ ಶರಣು ಎಂದೇ ಬರೆಯಬೇಕಂತೆ, ಊರ ಮಠದವರು ಮೊನ್ನೆ ನನ್ನನ್ನು ತಿದ್ದಿದರು. ಬರುವ ಯುಗಾದಿ ಕಳೆದ ಮೇಲೆ ಇಲ್ಲಿಯ ಪಟ್ಟಕ್ಕೆ ಕೂರುವವನನ್ನು ಏಕವಚನದಲ್ಲಿ ಕರೆಯುವುದು ಪಾಪವಂತೆ. ಅಂಗನವಾಡಿಯಲ್ಲಿ ಊರ ಮಕ್ಕಳೆಲ್ಲರ ಮೂಗು ಒರೆಸಿ ನಿವೃತ್ತಳಾದವಳು ನಾನು, ಪಾಪ ಪುಣ್ಯ ಇವರಿಂದ ಕಲಿಯಬೇಕೇ? ಕಾಗದದಲ್ಲಿ ಚಂದ್ರ ಎಂದೇ ಬರೆಯುತ್ತೇನೆ. ಎದುರಿಗೆ ಬಂದಾಗ ಬೇಕಾದರೆ ಎಲ್ಲರಂತೆ ಕಾಲಿಗೆ ಬೀಳುತ್ತೇನೆ.

ಪಟ್ಟಕ್ಕೆ ಆಯ್ಕೆಯಾದವರು ಫೋನು ಇಟ್ಟುಕೊಳ್ಳಬಾರದೆಂಬ ನಿಮ್ಮ ಕಾಶಿ ಮಠದ ನಿಯಮ ಒಳ್ಳೆಯದೇ. ಆಫೀಸಿನ ಫೋನಿಗೆ ಮಾಡಿದರೆ ನಿಮ್ಮ ವ್ಯವಸ್ಥಾಪಕ ಕೊಟ್ಟೂರಯ್ಯ ಪಕ್ಕದಲ್ಲೇ ಕುಳಿತು ಕೆಮ್ಮುತ್ತಿರುತ್ತಾನೆ. ತಾಯಿ ಮಗ ಮಾತಾಡುವುದೋ, ಅವನ ಕೆಮ್ಮು ಕೇಳುವುದೋ? ಕಾಗದವೇ ವಾಸಿ.

ಈಗ ವಿಷಯಕ್ಕೆ ಬರುತ್ತೇನೆ. ಹಿಂದಿನ ಓಣಿಯ ಪ್ರಭುಲಿಂಗಯ್ಯ ಮೇಷ್ಟ್ರ ಮಗ ಈಶನ ನೆನಪಿದೆಯೇ? ನೀನು ಮಠಕ್ಕೆ ಹೋಗುವವರೆಗೆ ನಮ್ಮ ಕಟ್ಟೆಯ ಮೇಲೆ ನಿನ್ನೊಡನೆ ಆಡುತ್ತಿದ್ದವನು. ಅವನಿಗೆ ಕಾಶಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿದೆ, ಗಂಗೆಯ ನೀರಿನಲ್ಲಿ ಏನೇನು ಸೇರಿದೆ ಎಂದು ನೋಡುವುದಂತೆ. ಅವನ ತಾಯಿ ಕಾತ್ಯಾಯನಿ ನನ್ನ ಕೈ ಹಿಡಿದು, "ಕಾಶಮ್ಮಾ, ನಮ್ಮ ಹುಡುಗ ಹೊಸ ಊರಾಗ ಒಬ್ಬನೇ ಆಗ್ತಾನ. ನಿಮ್ಮ ದೇವ್ರಿಗೆ ಒಂದು ಮಾತು ಬರೀರಿ" ಎಂದಳು. ಮೇಷ್ಟ್ರೇ ನಿನ್ನ ಪಟ್ಟದ ಸಮಿತಿಗೆ ಅಧ್ಯಕ್ಷರು ಬೇರೆ. ಆದ್ದರಿಂದ ಆ ಹುಡುಗನನ್ನು ಚೆನ್ನಾಗಿ ನೋಡಿಕೋ. ಅವನ ಕೈಯಲ್ಲಿ ಗುರೆಳ್ಳು ಚಟ್ನಿಪುಡಿ ಕಳಿಸಿದ್ದೇನೆ. ದಾರಿಯಲ್ಲೇ ಅವನು ತಿಂದು ಮುಗಿಸಿದ್ದರೆ ಬೈಯಬೇಡ.

ನಿನ್ನ ಅವ್ವ,
ಕಾಶಮ್ಮ


ಕಾಶಿ
೯ ಸೆಪ್ಟೆಂಬರ್ ೨೦೨೪

ಅವ್ವನಿಗೆ ಚಂದ್ರನ ಶರಣು.

ಚಟ್ನಿಪುಡಿ ಅರ್ಧ ಮಾತ್ರ ಬಂತು. ಉಳಿದರ್ಧ ಇಟಾರ್ಸಿ ಸ್ಟೇಷನ್ನಿನಲ್ಲಿ ಖರ್ಚಾಯಿತು ಎಂದು ಈಶನೇ ಒಪ್ಪಿಕೊಂಡ. ಮಠದ ಬಾಗಿಲಲ್ಲಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ನಿಂತು, "ಏನಲೇ ದೇವ್ರು, ಗುರುತು ಸಿಗಲಿಲ್ಲೇನು?" ಎಂದ. ಕೊಟ್ಟೂರಯ್ಯನವರ ಕನ್ನಡಕ ಮೂಗಿನ ತುದಿಗೆ ಜಾರಿತು. ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ ಅವ್ವಾ. ನಗು ತಡೆಯಲು ಒಳಗೆ ಹೋಗಿ ನೀರು ಕುಡಿದು ಬಂದೆ.

ಈಗ ಗಂಗೆ ತುಂಬಿ ಕೇದಾರ ಘಾಟಿನ ಮೆಟ್ಟಿಲುಗಳೆಲ್ಲ ಮುಳುಗಿವೆ. ಈಶ ಬಾಟಲಿ ಹಿಡಿದು ಹರಿಶ್ಚಂದ್ರ ಘಾಟಿನ ಕೆಳಗೆ ದೋಣಿಯಲ್ಲಿ ನೀರು ತುಂಬಿಸಿಕೊಳ್ಳುತ್ತಾನೆ. ಅಂಬಿಗರು, "ಕಾ ಹೋ ಡಾಕ್ಟರ್ ಸಾಹೇಬ್, ಗಂಗಾ ಮೈಯಾಕೇ ಬುಖಾರ್ ಬಾ ಕಾ?" ಎಂದು ಅವನನ್ನು ಗೋಳುಹೊಯ್ದುಕೊಳ್ಳುತ್ತಾರೆ, ಗಂಗಾಮಾಯಿಗೆ ಜ್ವರವೇ ಎಂದು. ಕೆಲಸ ಮುಗಿಸಿ ಸೋಮವಾರ ಸಂಜೆ ಮಠಕ್ಕೆ ಬರುತ್ತಾನೆ. ಕೇದಾರ ಘಾಟಿನ ಗಲ್ಲಿಯಲ್ಲಿ ಇಡ್ಲಿ ತಿನ್ನುತ್ತೇವೆ. ಇಡ್ಲಿ ಗಟ್ಟಿಯಾಗಿರುತ್ತದೆ. ಆದರೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ತೀರಿಕೊಂಡವರ ಹೆಸರಿನಲ್ಲಿ ಮನೆಯವರು ಇಲ್ಲಿ ಒಂದು ಸಣ್ಣ ಲಿಂಗ ಇಡಿಸುತ್ತಾರಲ್ಲ, ಆ ಪ್ರತಿಷ್ಠೆಯ ಕೆಲಸ ಈಗ ನನ್ನದು. ಅಂಗಳದಲ್ಲಿ, ಗೋಡೆಯ ಗೂಡಿನಲ್ಲಿ, ಜಗಲಿಯ ಮೇಲೆ ಎಲ್ಲೆಲ್ಲೂ ಅವೇ. ನಮ್ಮಪ್ಪನ ಹೆಸರಿನ ಲಿಂಗ ಯಾವುದೆಂದು ಈಶ ಕೇಳಿ ತಿಳಿದು, ಅದಕ್ಕೆ ತಾನೇ ಹೂವಿಟ್ಟ. ವಿಭೂತಿ ಮಾತ್ರ ತಾನು ಹಚ್ಚಿಕೊಳ್ಳುವುದಿಲ್ಲ. "ನೀನೇ ಹಚ್ಚು, ನಾ ಹಚ್ಚಿದ್ರ ವಾರೆ ಆಗ್ತದ" ಎನ್ನುತ್ತಾನೆ. ಹಚ್ಚುವಾಗ ಚಿಕ್ಕ ಮಕ್ಕಳಂತೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ.

ಪೂಜೆ, ಪಾಠ ಎಲ್ಲ ಸರಿಯಾಗಿ ನಡೆದಿದೆ. ನನ್ನ ಬಗ್ಗೆ ಚಿಂತೆ ಬೇಡ. ಸಂತೋಷವಾಗಿದ್ದೇನೆ.

ಚಂದ್ರ


ಕೂಡ್ಲಿಗಿ
೨೦ ಅಕ್ಟೋಬರ್ ೨೦೨೪

ಚಂದ್ರನಿಗೆ ಆಶೀರ್ವಾದ.

ಕಾಶಿಗೆ ಹೋದ ಮೇಲೆ ನೀನು ಬರೆದ ಕಾಗದಗಳಲ್ಲೆಲ್ಲ ಇದೇ ಉದ್ದನೆಯದು. ಓದುತ್ತಾ ಓದುತ್ತಾ, ಇದು ನನಗೆ ಬರೆದದ್ದೋ ಈಶನ ಜೀವನಚರಿತ್ರೆಯೋ ಎಂದು ಅನುಮಾನ ಬಂತು. ವಿಶ್ವನಾಥನ ಹೆಸರು ಒಂದು ಸಲವೂ ಇಲ್ಲವಲ್ಲೋ! ತಮಾಷೆಗೆ ಅಂದೆ, ಮುನಿಸಿಕೊಳ್ಳಬೇಡ. ನೀನು ಸಂತೋಷವಾಗಿದ್ದೇನೆ ಎಂದು ಬರೆದದ್ದು ಇದೇ ಮೊದಲು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಮೇಷ್ಟ್ರು ಈಶನಿಗೆ ಹೆಣ್ಣು ನೋಡುತ್ತಿದ್ದಾರೆ. ಹರಪನಹಳ್ಳಿಯ ಹುಡುಗಿ, ದಾಕ್ಷಾಯಣಿ ಎಂದು ಹೆಸರು, ಬ್ಯಾಂಕಿನಲ್ಲಿದ್ದಾಳೆ. ಫೋನಿನಲ್ಲಿ ಕೇಳಿದರೆ ಅವನು ಮಾತು ಹಾರಿಸುತ್ತಾನಂತೆ. "ನಿಮ್ಮ ದೇವ್ರು ಹೇಳಿದ್ರ ಕೇಳ್ತಾನ" ಎಂದು ಕಾತ್ಯಾಯನಿ ನನ್ನ ಬೆನ್ನು ಹತ್ತಿದ್ದಾಳೆ. ನೀನೇ ಒಂದು ಸಲ ಕೇಳಿ ನೋಡು. ಗೆಳೆಯನ ಮದುವೆಗೆ ನೀನೇ ಬಂದು ಅಕ್ಷತೆ ಹಾಕುವಂತಾದರೆ ನಮಗೂ ಚೆಂದ.

ಇದನ್ನು ಕೇಳಲು ನಿನಗೆ ಕಷ್ಟವಾದರೆ ಬಿಡು. ಯಾಕೋ, ಬರೆಯುತ್ತಾ ಹಾಗನ್ನಿಸಿತು.

ಅವ್ವ


ಕಾಶಿ
೧೨ ಡಿಸೆಂಬರ್ ೨೦೨೪

ಅವ್ವನಿಗೆ ಶರಣು.

ಮದುವೆಯ ಮಾತು ಕೇಳಿದೆ. ಈಶ ಇಲ್ಲ ಎಂದ. ಕಾರಣ ಕೇಳಿದ್ದಕ್ಕೆ, "ನಿನಗೆ ಗೊತ್ತಿಲ್ಲೇನು?" ಎಂದು ನನ್ನ ಮುಖವನ್ನೇ ನೋಡಿದ. ನಾನು ಸಂಜೆಯ ಪೂಜೆಗೆ ಹೊತ್ತಾಯಿತೆಂದು ಎದ್ದು ಬಂದೆ. ಅದಾದ ಮೇಲೆ ಅವನು ಬರುವುದು ಕಡಿಮೆಯಾಯಿತು.

ಈಗ ಅವನಿಗೆ ಅಭಿನವ ಎಂಬ ಧಾರವಾಡದ ಹೊಸ ಗೆಳೆಯ. ವಿಶ್ವವಿದ್ಯಾಲಯದಲ್ಲೇ ಓದುತ್ತಾನೆ, ಸಿನಿಮಾ ತೆಗೆಯುತ್ತಾನೆ. ಈಶ ಓಡಾಡುವುದು ಅವನ ಸ್ಕೂಟರಿನಲ್ಲಿ, ಹಾಕುವುದು ಅವನ ಸ್ವೆಟರು, ಬಾಯಿ ಬಿಟ್ಟರೆ ಅವನದೇ ಮಾತು. ಮೊನ್ನೆ ಇಬ್ಬರೂ ಮಠಕ್ಕೆ ಬಂದು, ಒಂದೇ ಕುಲ್ಹಡಿನಲ್ಲಿ ಮಲಯ್ಯೋ ತಿನ್ನುತ್ತಾ, ವಿಶ್ವವಿದ್ಯಾಲಯದಲ್ಲಿ ತಮ್ಮ ಸಿನಿಮಾ ತೋರಿಸುತ್ತೇವೆ, ಬರಲೇಬೇಕು ಎಂದರು. ಚಳಿಗಾಲದಲ್ಲಿ ಇಲ್ಲಿ ಮಾರುವ ಆ ಹಾಲಿನ ನೊರೆಯನ್ನು ಈಶನಿಗೆ ಮೊದಲು ತೋರಿಸಬೇಕೆಂದು ನಾನು ಕಾದಿದ್ದೆ. ಇರಲಿ.

ಕಾವಿಯ ಮೇಲೆ ಕಂಬಳಿ ಹೊದ್ದು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಏನು ಸಿನಿಮಾ ಎಂದು ಹೆತ್ತವಳಿಗೆ ಬರೆಯಲು ನಾಚಿಕೆಯಾಗುತ್ತದೆ. ಪಾಠಶಾಲೆಯಲ್ಲಿ ಓದುವ ಇಬ್ಬರು ಯುವಕರು. ಗಂಡು ಹೆಣ್ಣನ್ನು ಬಯಸುವಂತೆ ಒಬ್ಬರನ್ನೊಬ್ಬರು ಬಯಸುತ್ತಾರೆ. ಗುರುಗಳಿಗೆ ತಿಳಿಯುತ್ತದೆ, ಒಬ್ಬನನ್ನು ಹೊರಗೆ ಹಾಕುತ್ತಾರೆ. ಆ ಒಬ್ಬ ಈಶ. ಇನ್ನೊಬ್ಬ ಅಭಿನವ. ಕೆಲವರು ಶಿಳ್ಳೆ ಹೊಡೆದರು, ಕೆಲವರು ಎದ್ದು ಹೋದರು. ನಾನು ಕೂತೇ ಇದ್ದೆ.

ಅದರಲ್ಲಿ ಈಶ ಅಭಿನವನ ಹಣೆಗೆ ವಿಭೂತಿ ಹಚ್ಚುತ್ತಾನೆ. ಹಚ್ಚಿದ ಮೇಲೆ ರೆಪ್ಪೆಯ ಮೇಲೆ ಉದುರಿದ ಪುಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುತ್ತಾನೆ. ಆ ಒರೆಸುವುದು ಯಾವ ಶಾಸ್ತ್ರದಲ್ಲೂ ಇಲ್ಲ ಅವ್ವಾ. ಅದು ಸೋಮವಾರಗಳಲ್ಲಿ ನಾನು ಅವನಿಗೆ ಮಾಡುತ್ತಿದ್ದದ್ದು. ಎಲ್ಲರೆದುರು, ಪರದೆಯ ಮೇಲೆ, ಅದನ್ನು ಅವನು ಇನ್ನೊಬ್ಬನಿಗೆ ಮಾಡಿದ.

ಮರುದಿನ ಬೆಳಗಿನ ಪೂಜೆ ಮುಗಿಸಿ ಕೊಟ್ಟೂರಯ್ಯನವರಿಗೆ ತಿಳಿಸಿದೆ. ಈಶ ಇಂಥ ಸಿನಿಮಾದಲ್ಲಿ ನಟಿಸಿದ್ದಾನೆ, ಅದು ಬರೀ ನಟನೆಯಲ್ಲ, ಅವನು ಅಂಥವನೇ, ಮಠದೊಳಗೆ ಬಿಟ್ಟುಕೊಳ್ಳಬಾರದು ಎಂದೆ. ಪಟ್ಟಕ್ಕೆ ಕೂರುವವನು ಇಂಥದನ್ನು ಕಂಡು ಸುಮ್ಮನಿದ್ದರೆ ಧರ್ಮವಲ್ಲ. ಧರ್ಮ ಎಂದೇ ಹೇಳಿದೆ.

ಚಂದ್ರಮೌಳೇಶ್ವರ


ಕೂಡ್ಲಿಗಿ
೮ ಜನವರಿ ೨೦೨೫

ಚಂದ್ರಾ,

ಕೊಟ್ಟೂರಯ್ಯ ನಮ್ಮ ಪ್ರಭುಲಿಂಗಯ್ಯ ಮೇಷ್ಟ್ರಿಗೆ ಎಲ್ಲ ಬರೆದ. ಆಗಬೇಕಾದ್ದೆಲ್ಲ ಆಗಿಹೋಯಿತು.

ಮೊದಲು ಅವರ ಮನೆಯಲ್ಲಿ ಒಂದೇ ಕೂಗಾಟ. ಆಮೇಲೆ ಸದ್ದೇ ಇಲ್ಲ. ಹೊಸ ವರ್ಷದ ಮರುದಿನ ಮೇಷ್ಟ್ರು ತಾವೇ ಓಣಿಯ ಬಾಗಿಲು ಬಾಗಿಲಿಗೂ ಬಂದು, ಮಗ ಈಶ ಲಿಂಗೈಕ್ಯನಾದ, ಶಿವಗಣಾರಾಧನೆ ಇದೆ, ಪ್ರಸಾದಕ್ಕೆ ಬನ್ನಿ ಎಂದು ಕರೆದರು. ನನ್ನ ಕೈಯಲ್ಲಿದ್ದ ಮೊರ ಬಿದ್ದುಹೋಯಿತು. "ಯಾವಾಗ್ರಿ? ಏನಾಗಿತ್ತು?" ಎಂದೆ. "ಏನೂ ಆಗಿಲ್ಲ. ನನ್ನ ಪಾಲಿಗೆ ಸತ್ತಾನ" ಎಂದು ಮುಂದಿನ ಬಾಗಿಲಿಗೆ ಹೋದರು.

ಬದುಕಿರುವ ಹುಡುಗನ ತಿಥಿಯೂಟಕ್ಕೆ ಊರಿಗೆ ಊರೇ ಹೋಯಿತು. ನಾನೂ ಹೋದೆ ಕಣೋ. ನಿನ್ನ ಪಟ್ಟದ ಸಮಿತಿಯ ಅಧ್ಯಕ್ಷರ ಮನೆ, ಹೋಗದಿದ್ದರೆ ಏನಂದುಕೊಳ್ಳುತ್ತಾರೋ ಎಂದು ಹೋದೆ. ಹೋದವಳು ಸುಮ್ಮನೆ ಕೂತು ಬರಬಾರದಿತ್ತೇ? ಎಲೆಯ ಮುಂದೆ ಕೂತು ಹೋಳಿಗೆ ಉಂಡೆ. ಬಡಿಸಿದವಳು ಅವನ ತಾಯಿ. ತುಪ್ಪ ಹಾಕುತ್ತಾ ಬಗ್ಗಿ ನನ್ನ ಕಿವಿಯಲ್ಲಿ, "ಅಲ್ಲಿ ಥಂಡಿ ಭಾಳಂತಲ್ಲ ಕಾಶಮ್ಮಾ. ಅವಂಗೆ ಎದಿ ಕಟ್ತದ" ಎಂದಳು. ಮನೆಗೆ ಬಂದು ಬಚ್ಚಲಲ್ಲಿ ಕಾರಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಮಗನ ಕೋಣೆಗೆ ಬೀಗ ಹಾಕಿದ್ದಾರೆ. ಅವನ ಹೆಸರಿನಲ್ಲಿ ಕಾಶಿಯಲ್ಲಿ ಲಿಂಗ ಇಡಿಸುವಂತೆ ನಿಮ್ಮ ಮಠಕ್ಕೆ ಹೇಳಿ ಕಳಿಸಿದ್ದಾರೆ. ಅದನ್ನು ಇಡುವವನು ನೀನಲ್ಲವೇ?

ನಿನ್ನ ಹಿಂದಿನ ಕಾಗದವನ್ನು ಇನ್ನೊಮ್ಮೆ ತೆಗೆದು ಓದಿದೆ. ಧರ್ಮ ಎಂದು ಎರಡು ಸಲ ಬರೆದಿದ್ದೀಯ. ಅದರ ಮೇಲಿನ ಭಾಗದಲ್ಲಿ ಬೇರೆ ಏನೋ ಇದೆ. ನಾನು ಅಂಗನವಾಡಿಯಲ್ಲಿ ಕಂಡವಳು, ಒಂದು ಮಗುವಿನ ಆಟಿಕೆ ಇನ್ನೊಂದರ ಕೈಗೆ ಹೋದರೆ ಮುಖ ಹೇಗಾಗುತ್ತದೆ ಎಂದು. ಅವ್ವನಿಗೆ ಇದ್ದದ್ದು ಇದ್ದ ಹಾಗೆ ಬರೆ. ಆ ಕೆಲಸ ಮಾತ್ರ ಮಾಡಬೇಡ. ಕೈಮುಗಿದು ಕೇಳುತ್ತೇನೆ, ಬದುಕಿದವನಿಗೆ ಕಲ್ಲು ಇಡಬೇಡ.

ಅವ್ವ


ಕಾಶಿ
೨ ಫೆಬ್ರವರಿ ೨೦೨೫

ಅವ್ವಾ,

ನಿನ್ನ ಕಾಗದ ಪ್ರತಿಷ್ಠೆಗೆ ಮೊದಲೇ ಕೈಸೇರಿತ್ತು. ತಡವಾಗಿ ಬಂತು ಎಂದು ಸುಳ್ಳು ಹೇಳಬಹುದಿತ್ತು. ಓದಿಯೇ ಮಾಡಿದೆ.

ಮಾಡಲಾರೆ ಎಂದು ಕೊಟ್ಟೂರಯ್ಯನವರ ಬಳಿ ಹೋಗಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಯಾಕಪ್ಪಾ? ನೀನೇ ಹೇಳಿದ ಹುಡುಗ. ಈಗ ನೀನೇ ಹಿಂದೆ ಸರಿದ್ರೆ ಜನ ಏನು ತಿಳ್ಕೊಳ್ಳಬೇಕು?" ಎಂದರು. ಅಷ್ಟೇ. ಜನ ಏನು ತಿಳಿದುಕೊಳ್ಳುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆದರಿದೆ. ಮಾಡುತ್ತೇನೆ ಎಂದು ತಲೆಯಾಡಿಸಿ ಬಂದೆ.

ಆವತ್ತು ಪ್ರಯಾಗದ ಕುಂಭಕ್ಕೆ ಬಂದ ನಮ್ಮ ಕಡೆಯ ಯಾತ್ರಿಕರಿಂದ ಅಂಗಳ ತುಂಬಿತ್ತು. ತಮ್ಮ ತಮ್ಮ ಹಿರಿಯರ ಹೆಸರಿನಲ್ಲಿ ಲಿಂಗ ಇಡಿಸುತ್ತಿದ್ದರು. ಪದ್ಧತಿಯ ಪ್ರಕಾರ ಮೊದಲ ನೀರನ್ನು ಮನೆಯವರು ಹಾಕಬೇಕು. ಮನೆಯವರು ಬಾರದಿದ್ದರೆ ಪೂಜೆ ಮಾಡುವವನೇ ಅವರ ಬಂಧುವೆಂದು ಹೇಳಿಕೊಂಡು ಹಾಕಬೇಕು. ಈಶನ ಹೆಸರಿನ ಸರದಿ ಬಂದಾಗ ತಂಬಿಗೆ ಎತ್ತಿದೆ. ಎದುರಿಗೆ ಈಶ ನಿಂತಿದ್ದ. ಹೇಗೆ ತಿಳಿಯಿತೋ, ಅವನ ತಾಯಿ ಕದ್ದು ಫೋನು ಮಾಡಿರಬೇಕು. ಗಡ್ಡ ಬಂದಿತ್ತು. ಕೆಮ್ಮುತ್ತಿದ್ದ.

ರಾಯಚೂರಿನ ಕಡೆಯ ಮುದುಕಿಯೊಬ್ಬಳು, "ಪಾಪ, ಈ ತಮ್ಮ ಯಾರಿಗೆ ಬಂದಾನ? ಬುದ್ಧೀ, ನಿಮ್ಮೋರೇನು?" ಎಂದು ನನ್ನನ್ನು ಕೇಳಿದಳು.

"ಅಲ್ಲ" ಎಂದೆ.

ಈಶ ಕೇಳಿಸಿಕೊಂಡ. "ಹಾಕಪ್ಪಾ, ಹಾಕು. ಹಿಂದ ಮಂದಿ ಕಾಯಾಕತ್ತಾರ." ಎಂದ. ಮಂತ್ರ ಹೇಳಿದೆ. ಅವನ ಹೆಸರು ಹೇಳಿದೆ, ಪದ್ಧತಿಯಂತೆ ನಾನು ಅವನ ಬಂಧು ಎಂದೆ. ಬದುಕಿದ್ದವನ ಕಣ್ಣೆದುರೇ ಅವನ ಹೆಸರಿಗೆ ಲಿಂಗೈಕ್ಯ ಎಂದು ಸೇರಿಸಿ ನೀರು ಹಾಕಿದೆ.

ಜನ ಚದುರಿದ ಮೇಲೆ ಅವನು ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡೆ. ಮೆಲ್ಲಗೆ ಹೇಳಿದ: "ಆ ಸಿನಿಮಾದ ಕಥಿ ಬರೆದವ ನಾನು ಚಂದ್ರಾ. ಅಭಿನವ ನಿನ್ನ ಜಾಗದಾಗ ಬರೇ ನಿಂತಿದ್ದ. ನಾ ವಿಭೂತಿ ಹಚ್ಚಿದ್ದು ನಿನಗ. ಬಾಯಿಲೆ ಹೇಳಾಕ ಆಗಲಿಲ್ಲ, ನೋಡಿ ತಿಳ್ಕೋತೀ ಅಂತ ಕರೆದಿದ್ದೆ." ಒಮ್ಮೆ ಬಗ್ಗಿ ತನ್ನ ಹೆಸರಿನ ಲಿಂಗವನ್ನು ನೋಡಿದ. "ನೋಡಿದಿ. ತಿಳ್ಕೊಂಡಿ. ಹೋಗಿ ಹೇಳಿಬಿಟ್ಟಿ" ಎಂದು ಗಲ್ಲಿಗಿಳಿದು ಹೋದ.

ನೀನು ಕೇಳಿದೆಯಲ್ಲ, ಇದ್ದದ್ದು ಇದ್ದ ಹಾಗೆ ಬರೆ ಎಂದು. ನಾನು ಅವನನ್ನು ಪ್ರೀತಿಸುತ್ತೇನೆ ಅವ್ವಾ. ಅವನು ನೋಡುವ ಹಾಗೆಯೇ ನಾನೂ ಅವನನ್ನು ನೋಡುತ್ತಿದ್ದೆ. ಅವನಿಗೆ ಧೈರ್ಯವಿತ್ತು, ನನಗೆ ಹೊಟ್ಟೆಕಿಚ್ಚಿತ್ತು. ಹೊಟ್ಟೆಕಿಚ್ಚಿಗೆ ಕಾವಿ ಉಡಿಸಿ ಧರ್ಮ ಎಂದು ಕರೆದೆ. ಹೀಗೆ ಹುಟ್ಟಿದ್ದಕ್ಕೂ ನಾಚಿಕೆ, ಮಾಡಿದ್ದಕ್ಕೂ ನಾಚಿಕೆ. ಮೇಷ್ಟ್ರು ಈಶನನ್ನು ತಿಳಿದಂತೆ ನೀನೂ ನನ್ನನ್ನು ಸತ್ತವನೆಂದು ತಿಳಿದುಬಿಡು.

ಚಂದ್ರ


ಕೂಡ್ಲಿಗಿ
೧೩ ಫೆಬ್ರವರಿ ೨೦೨೫

ಲೇ ಚಂದ್ರಾ,

ನಿನ್ನ ಕಾಗದವನ್ನು ಸುಟ್ಟುಹಾಕಬೇಕೆಂದು ಒಲೆಯ ಮುಂದೆ ಹೋದೆ. ಗ್ಯಾಸು ಮುಗಿದಿತ್ತು. ಅಲ್ಲೇ ಕುಸಿದು ಕೂತು ಅತ್ತೆ.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ನಾಚಿಕೆಯೇ ಆಯಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹೀಗಾದನೇ ಎಂದು. ಯಾರಿಗೂ ಗೊತ್ತಿಲ್ಲದಿದ್ದರೂ ಓಣಿಯಲ್ಲಿ ಸೆರಗು ಹೊದ್ದು ತಲೆ ತಗ್ಗಿಸಿ ನಡೆದೆ. ನಲ್ಲಿಯ ಹತ್ತಿರ ಯಾರೋ ನಕ್ಕರೆ ನನ್ನನ್ನೇ ನೋಡಿ ನಕ್ಕರೆನ್ನಿಸಿತು. ಆಮೇಲೆ ಕಾತ್ಯಾಯನಿ ಎದುರಾದಳು. ಮುತ್ತೈದೆ ಹೆಂಗಸು, ಹಣೆಗೆ ಕುಂಕುಮವಿಲ್ಲದೆ, ವಿಭೂತಿ ಸಹ ಇಲ್ಲದೆ, ಹುಚ್ಚಿಯ ಹಾಗೆ ಖಾಲಿ ಕೊಡ ಹಿಡಿದು ನಿಂತಿದ್ದಳು. ಆಗ ನನ್ನ ನಾಚಿಕೆ ಬೇರೆ ಕಡೆ ತಿರುಗಿತು. ನೀನು ಒಬ್ಬನನ್ನು ಪ್ರೀತಿಸಿದೆ, ಅದು ನನಗೆ ಅರ್ಥವಾಗಲು ಇನ್ನೂ ದಿನ ಬೇಕು, ಆದರೆ ಅದರಿಂದ ಯಾರ ಮನೆಯೂ ಮುರಿದಿರಲಿಲ್ಲ. ಪ್ರೀತಿಸಿದವನನ್ನು ಹಿಡಿದುಕೊಟ್ಟೆಯಲ್ಲ, ಅದು ನನಗೆ ಈಗಲೇ ಅರ್ಥವಾಗುತ್ತದೆ. ಅದಕ್ಕೆ ನಾಚಿಕೆ ಪಡು. ಎಷ್ಟು ಬೇಕಾದರೂ ಪಡು, ನಾನು ಬೇಡ ಎನ್ನುವುದಿಲ್ಲ.

ನನ್ನ ಪಾಲೂ ಇದೆ. ಮಗು ಹುಟ್ಟಿದರೆ ಮಠಕ್ಕೆ ಕೊಡುತ್ತೇನೆ ಎಂದು ಹರಕೆ ಹೊತ್ತವಳು ನಾನು. ನಿನ್ನನ್ನು ಒಂದು ಮಾತು ಕೇಳಲಿಲ್ಲ. ರೈಲು ಹತ್ತಿಸುವಾಗ ನೀನು ನನ್ನ ಸೆರಗು ಬಿಡದೆ ಹಿಡಿದಿದ್ದೆ. ನಾನೇ ಬೆರಳು ಬಿಡಿಸಿದೆ.

ನಿನ್ನೆ ಮೇಷ್ಟ್ರ ಮನೆಗೆ ಹೋಗಿದ್ದೆ. ನಿಮ್ಮ ಮಗ ಸತ್ತಿದ್ದರೆ ನನ್ನ ಮಗನೂ ಸತ್ತಿದ್ದಾನೆ, ಅವನೂ ಅಂಥವನೇ, ನಿಮ್ಮ ಪಟ್ಟ ನೀವೇ ಇಟ್ಟುಕೊಳ್ಳಿ ಎಂದು ಕೂಗಿ ಹೇಳಲು ಹೋದೆ. ಮಾತು ಬಾಯಿಗೆ ಬಂದಿತ್ತು. ಆದರೆ ಹಾಗೆ ಹೇಳಿದರೆ ನೀನು ಈಶನಿಗೆ ಮಾಡಿದ್ದನ್ನೇ ನಾನು ನಿನಗೆ ಮಾಡಿದಂತೆ. ಒಂದು ಹಿಡಿ ಕರಿಬೇವು ಕೇಳಿಕೊಂಡು ವಾಪಸು ಬಂದೆ. ಹೇಳುವುದು ನಿನ್ನ ಕೆಲಸ.

ಹೇಳದೆ ಪಟ್ಟಕ್ಕೆ ಕೂತರೆ ಊರೆಲ್ಲ ನಿನ್ನ ಕಾಲಿಗೆ ಬೀಳಲಿ, ನಾನು ಬೀಳುವುದಿಲ್ಲ. ಹೇಳಿ ಬರುವುದಾದರೆ ಬಾ. ಹಿತ್ತಲ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ.

ಸತ್ತವನೆಂದು ತಿಳಿಯಬೇಕಂತೆ! ಎಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲು ನೋಡುತ್ತೀಯೋ ಕಳ್ಳಾ. ಬದುಕಿರಬೇಕು ನೀನು.

ಅವ್ವ


ಕಾಶಿ
೨೪ ಫೆಬ್ರವರಿ ೨೦೨೫

ಪ್ರಭುಲಿಂಗಯ್ಯ ಮೇಷ್ಟ್ರಿಗೆ ಶರಣು.

ಈಶನ ವಿಷಯವನ್ನು ಕೊಟ್ಟೂರಯ್ಯನವರು ನಿಮಗೆ ಬರೆದರು. ಅವರಿಗೆ ಹೇಳಿದವನು ನಾನು. ಧರ್ಮಕ್ಕಾಗಿ ಹೇಳಿದೆ ಎಂದು ಅವರಿಗೆ ತಿಳಿಸಿದ್ದೆ. ಅದು ಸುಳ್ಳು. ನಾನೂ ನಿಮ್ಮ ಮಗನಂಥವನೇ. ಅವನನ್ನು ಪ್ರೀತಿಸಿದ್ದೆ. ಅವನು ಇನ್ನೊಬ್ಬನ ಜೊತೆ ನಕ್ಕಿದ್ದನ್ನು ಕಂಡು ತಾಳಲಾರದೆ ಹೇಳಿದೆ.

ಈ ಕಾಗದವನ್ನು ಕಳಿಸುವ ಮೊದಲು ಇಲ್ಲಿಯ ಲಂಕಾ ಬಡಾವಣೆಯಲ್ಲಿರುವ ಈಶನ ಕೋಣೆಗೆ ತೆಗೆದುಕೊಂಡು ಹೋಗಿದ್ದೆ. ಅವನ ವಿಷಯವನ್ನು ಅವನನ್ನು ಕೇಳದೆ ಹೇಳಿದ್ದು ಒಂದು ಸಲಕ್ಕೆ ಸಾಕು. ಬಾಗಿಲ ಹೊರಗೇ ನಿಲ್ಲಿಸಿ ಓದಿಸಿದ. ಕೇಳಿ, "ಕಳಿಸು" ಎಂದ. ಕ್ಷಮಿಸಿದೆ ಎನ್ನಲಿಲ್ಲ, ಒಳಗೂ ಕರೆಯಲಿಲ್ಲ. ಬಾಗಿಲು ಹಾಕಿಕೊಂಡ. ಮುಂದೆಯೂ ತೆರೆಯುತ್ತಾನೆ ಎಂಬ ಆಸೆ ನನಗಿಲ್ಲ.

ಪಟ್ಟಕ್ಕೆ ನಾನು ಕೂರುವುದಿಲ್ಲ. ಸಮಿತಿಯವರು ಕಾರಣ ಕೇಳಿದರೆ ನನ್ನ ಬಗ್ಗೆ ಬರೆದದ್ದನ್ನು ಓದಿ ಹೇಳಿ, ನನ್ನ ಅಡ್ಡಿಯಿಲ್ಲ. ಕೊಟ್ಟೂರಯ್ಯನವರಿಗೆ ನಿನ್ನೆಯೇ ಹೇಳಿದೆ. ಶಿವರಾತ್ರಿ ಮುಗಿದ ಕೂಡಲೇ ಮಠ ಬಿಡಬೇಕೆಂದಿದ್ದಾರೆ. ಇಟ್ಟ ಲಿಂಗವನ್ನು ಕೀಳುವಂತಿಲ್ಲ. ನಿಮ್ಮ ಮಗನ ಹೆಸರು ಅಲ್ಲೇ ಉಳಿಯುತ್ತದೆ. ಅದನ್ನು ಬೇಡಿದವರು ನೀವು, ಇಟ್ಟವನು ನಾನು. ಈ ನಾಚಿಕೆಯಲ್ಲಿ ನಮ್ಮಿಬ್ಬರಿಗೂ ಪಾಲಿದೆ ಎಂದು ಹಿರಿಯರಾದ ನಿಮಗೆ ಬರೆಯುತ್ತಿದ್ದೇನೆ.

ಇಂಥ ಮಗನಿಗೆ ಏನು ಮಾಡಬೇಕೆಂದು ನೀವು ಊರಿಗೆಲ್ಲ ತೋರಿಸಿಕೊಟ್ಟಿದ್ದೀರಿ. ನನಗೆ ಮಾಡಲು ಅಪ್ಪನಿಲ್ಲ. ಅವ್ವನಿಗೆ ಬರೆದೆ, ನನ್ನನ್ನೂ ಸತ್ತವನೆಂದು ತಿಳಿ ಎಂದು. ಆಕೆ ನಿಮ್ಮಷ್ಟು ಓದಿದವಳಲ್ಲ. ಬಾಯಿಗೆ ಬಂದಂತೆ ಬೈದು, ಮನೆಗೆ ಬಾ ಎಂದಳು.

ನಿಮ್ಮ ಮಗ ಬದುಕಿದ್ದಾನೆ. ಅವನ ಪಕ್ಕದ ಕೋಣೆಯವರು ಹೇಳಿದರು: ಎದೆ ಕಟ್ಟಿದೆ, ರಾತ್ರಿ ಕೆಮ್ಮುತ್ತಾನೆ, ಊರಿನಿಂದ ಫೋನು ಬಂತೇ ಎಂದು ನೋಡುತ್ತಿರುತ್ತಾನೆ.

ಕಾಶಮ್ಮನ ಮಗ,
ಚಂದ್ರ